ಕುಂಕುಮ ಇಟ್ಟೆ, ಅಷ್ಟೇ

ಕಂಪ್ಯೂಟರಿಗೆ ತಾನು ಯಾವ ಹೊತ್ತಿನಲ್ಲಿ ಎದ್ದೆ ಎನ್ನುವುದು ನೆನಪಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸುಳ್ಳು ಹೇಳುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದೂ ನಿಜವಲ್ಲ. ಗೊತ್ತಿದ್ದರೆ ಬೇರೆ ಸುಳ್ಳು ಹೇಳುತ್ತಿದ್ದೆನೋ ಏನೋ.

ನಾನು ಎಸ್ಸೆಸ್ಸೆಲ್ಸಿ ಫೇಲಾದವನು. ಕುವೆಂಪುನಗರದ ಒಂದು ಗ್ಯಾರೇಜಿನಲ್ಲಿ ಸ್ಕೂಟರ್, ಬೈಕು ರಿಪೇರಿ ಮಾಡುತ್ತೇನೆ. ಮನೆ ಚಾಮರಾಜಪುರಂನಲ್ಲಿ. ಮನೆಯಲ್ಲಿರುವುದು ನಾನು ಮತ್ತು ನನ್ನ ಅಕ್ಕ ಇಬ್ಬರೇ. ಅಪ್ಪ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿಷನ್ ಓಡಿಸುತ್ತಿದ್ದರು. ಪ್ರೆಸ್ಸು ಮುಚ್ಚಿತು, ಕೆಲವು ವರ್ಷಗಳಾದ ಮೇಲೆ ಅಪ್ಪನೂ ಹೋದರು. ಅಕ್ಕ ಅಂಚೆ ಮೂಲಕ ಡಿಗ್ರಿ ಮುಗಿಸಿ, ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಹೇಳಿಕೊಡುತ್ತಾ, ತಾನೇ ನೋಡಿ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಸೆಂಟರಿನ ಕೆಲಸ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಕುಳಿತು ಚಿಕ್ಕಪುಟ್ಟ ಅಂಗಡಿಯವರಿಗೆ ಸೈಟು ಮಾಡಿಕೊಡತೊಡಗಿದಳು.

ಸರ್ವರ್ ಎಂದರೆ ಬೀರುವಿನಷ್ಟು ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ನಮ್ಮ ಮನೆಯ ಸರ್ವರ್ ಕಿಟಕಿಯ ಕೆಳಗೆ ಅಪ್ಪನ ಊಟದ ಮಣೆಯ ಮೇಲೆ ಕೂತಿರುವ ಒಂದು ಹಳೆಯ ಸಿಪಿಯು. ಪಕ್ಕದಲ್ಲಿ ಯುಪಿಎಸ್. ಅದರ ಮುಂದೆ ಹಾದುಹೋಗುವಾಗ ಕಾಲಿಗೆ ಬಿಸಿ ಗಾಳಿ ತಗಲುತ್ತದೆ. ಹಗಲೂ ರಾತ್ರಿ ಓಡುತ್ತಿರುತ್ತದೆ.

ಅದರಲ್ಲಿ ಇದ್ದದ್ದರಲ್ಲೆಲ್ಲ ಮುಖ್ಯವಾದದ್ದು ಒಂದು ವ್ಯಾನಿನ ಸೈಟು. ಹೆಬ್ಬಾಳದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಹೆಂಗಸರನ್ನು ಅವರವರ ಬೀದಿಯ ಮೂಲೆಯಿಂದ ಹತ್ತಿಸಿಕೊಂಡು ಹೋಗುವ ವ್ಯಾನು. ಹಿಂದಿನ ದಿನ ಫೋನಿನಲ್ಲಿ ಸೈಟು ತೆರೆದು ಹೆಸರು, ಹತ್ತುವ ಜಾಗ, ಶಿಫ್ಟು ಒತ್ತಿದರೆ 'ನಿಮ್ಮ ಸೀಟು ಖಾತ್ರಿಯಾಗಿದೆ' ಎಂದು ಬರುತ್ತದೆ. ಅದೇ ಹೊತ್ತಿಗೆ ವ್ಯಾನಿನ ಡ್ರೈವರಿಗೆ ಒಂದು ಮೆಸೇಜು ಹೋಗುತ್ತದೆ. ಇಂಥ ಮೂಲೆಯಲ್ಲಿ ಇಷ್ಟು ಜನ. ಮೆಸೇಜು ನೋಡಿಕೊಂಡು ಅವನು ಗಾಡಿ ತೆಗೆಯುತ್ತಾನೆ. ಅಕ್ಕನ ಕೆಲಸದಲ್ಲಿ ನನಗೆ ಪೂರ್ತಿ ಅರ್ಥವಾಗಿದ್ದು ಇದೊಂದೇ.

ಇನ್ನು ಆಯುಧಪೂಜೆಯ ವಿಷಯ. ನಮ್ಮ ಮನೆಯಲ್ಲಿ ಅದು ಅಪ್ಪನ ಹಬ್ಬ. ಪ್ರೆಸ್ಸಿನ ಮಿಷನ್ನನ್ನು ಅವತ್ತು ಪೂರ್ತಿ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಮಸಿ ಒರೆಸಿ, ಎಣ್ಣೆ ಬಿಟ್ಟು, ದೊಡ್ಡ ಚಕ್ರಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುತ್ತಿದ್ದರು. ಒಂದು ಸಲ ಪ್ರೆಸ್ಸಿನ ಮಾಲೀಕರು ಅರ್ಜೆಂಟು ಕೆಲಸವಿದೆ, ಓಡುತ್ತಿರುವಾಗಲೇ ಹೂವು ಮುಡಿಸಿಬಿಡಿ ಅಂದರಂತೆ. ಅಪ್ಪ, "ಉಣ್ತಾ ಕೂತಿರೋನ ತಲೆಗೆ ನೀರು ಉಯ್ಯೋಕಾಯ್ತದಾ ಸ್ವಾಮಿ?" ಅಂದು ಮಿಷನ್ ನಿಲ್ಲಿಸಿಯೇ ಬಿಟ್ಟರಂತೆ. ಇದನ್ನು ಅವರು ಪ್ರತಿ ವರ್ಷ ಹೇಳಿ ನಗುತ್ತಿದ್ದರು. ನಮ್ಮ ಗ್ಯಾರೇಜಿನಲ್ಲೂ ಹಾಗೇ, ಪೂಜೆಯ ಹೊತ್ತಿಗೆ ಒಂದು ಇಂಜಿನ್ನೂ ಓಡುವಂತಿಲ್ಲ.

ಆ ವರ್ಷ ಅಕ್ಕ ಬೆಳಿಗ್ಗೆಯೇ ದೊಡ್ಡಮ್ಮನ ಮನೆಗೆ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು.

"ಲೋ, ಸರ್ವರ್ ಆಫ್ ಮಾಡಬೇಡ. ಮೇಲಿಂದ ಏನ್ ಬೇಕಾದ್ರೂ ಮಾಡ್ಕೋ."

"ಓಡ್ತಿರೋದಕ್ಕೆ ಎಂಥ ಪೂಜೆ ಅಕ್ಕ? ಅಪ್ಪ ಇದ್ದಿದ್ರೆ—"

"ಅಪ್ಪ ಇದ್ದಿದ್ರೆ ಅವರಿಗೂ ಇದನ್ನೇ ಹೇಳ್ತಿದ್ದೆ. ನಿನ್ನ ಸ್ಕೂಟರ್ ಅಲ್ಲ ಕಣೋ ಅದು, ಒದ್ದು ಸ್ಟಾರ್ಟ್ ಮಾಡೋಕೆ."

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆದರೆ ಆ ಮಾತು ನನ್ನ ಜೊತೆ ಗ್ಯಾರೇಜಿಗೆ ಬಂತು, ಅಲ್ಲಿ ಪೂಜೆ ಮುಗಿಸಿ ಕಡ್ಲೆಪುರಿ ಪೊಟ್ಟಣ ಹಿಡಿದು ವಾಪಸು ಬರುವಾಗಲೂ ಜೊತೆಗೇ ಬಂತು. ನನ್ನ ಸ್ಕೂಟರುಗಳನ್ನು ಯಾರೂ ಒದ್ದು ಸ್ಟಾರ್ಟ್ ಮಾಡುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲವೇ?

ಮನೆಯಲ್ಲಿ ಯಾರೂ ಇರಲಿಲ್ಲ. ಸಿಪಿಯುವಿನ ಗುಂಡಿ ಒತ್ತಿದೆ. ಅದು ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದರೆ ಒಳಗೆ ಫ್ಯಾನಿಗೆ ಹತ್ತಿಯ ಹಾಗೆ ಧೂಳು ಸುತ್ತಿಕೊಂಡಿತ್ತು. ಪೇಂಟಿನ ಬ್ರಷ್ಷಿನಿಂದ ಮೆಲ್ಲಗೆ ಬಿಡಿಸಿದೆ. ತಗಡು ಒರೆಸಿ ಮುಚ್ಚಿ, ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಊದುಬತ್ತಿ ಬೆಳಗಿದೆ. ನಿಂಬೆಹಣ್ಣನ್ನೂ ಮುಂದಿಟ್ಟೆ. ಆಮೇಲೆ ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಸ್ವಲ್ಪ ಹೊತ್ತು ಕಾದು ನನ್ನ ಫೋನಿನಲ್ಲಿ ವ್ಯಾನಿನ ಸೈಟು ತೆರೆದೆ. ತೆರೆದುಕೊಂಡಿತು. ನನ್ನ ಎದೆ ಉಬ್ಬಿತು. ಇಷ್ಟೇ ತಾನೇ ಸರ್ವರ್ ಎಂದರೆ!

ಸಂಜೆ ಅಕ್ಕ ಬಂದು, ಪುರಿ ಬಾಯಿಗೆ ಹಾಕಿಕೊಳ್ಳುತ್ತಾ ಅದನ್ನು ನೋಡಿ, "ಚೆನ್ನಾಗಿ ಮಾಡಿದ್ದೀಯ ಕಣೋ" ಅಂದಳು. ಅವತ್ತೇ ಹೇಳಬಹುದಿತ್ತು. ಹೊಗಳಿಸಿಕೊಂಡು ಸುಮ್ಮನಾದೆ.

ಮಾರನೇ ದಿನ ವಿಜಯದಶಮಿ, ಕಾರ್ಖಾನೆಗೆ ರಜ. ಅದರ ಮಾರನೇ ದಿನ ಇನ್ನೂ ಬೆಳಕು ಹರಿಯುವ ಮುಂಚೆ ಅಕ್ಕನ ಫೋನು ಬಡಿದುಕೊಳ್ಳತೊಡಗಿತು. ವ್ಯಾನಿನ ಮಾಲೀಕರು. ಅವರ ಧ್ವನಿ ನನ್ನ ಹಾಸಿಗೆಯವರೆಗೂ ಕೇಳಿಸುತ್ತಿತ್ತು.

"ಏನ್ ಮೇಡಂ ಇದು? ಡ್ರೈವರ್‌ಗೆ ಒಂದೇ ಒಂದು ಮೆಸೇಜ್ ಬಂದಿಲ್ಲ. ಹಬ್ಬದ ಮಾರನೇ ದಿನ ಯಾರೂ ಬರಲ್ವೇನೋ ಅಂದ್ಕೊಂಡು ಅವನು ಮಲಗ್ಬುಟ್ಟವ್ನೆ. ಈಗ ನೋಡಿದ್ರೆ ಮೂಲೆ ಮೂಲೇಲೂ ಹೆಂಗಸರು ನಿಂತ್ಕೊಂಡು ನಂಗೆ ಬಯ್ತಾವ್ರೆ. ಸೀಟು ಖಾತ್ರಿ ಅಂತ ಬಂದದಂತೆ!"

ಅಕ್ಕ ಎದ್ದು ಹೋಗಿ ಸರ್ವರಿನ ಮುಂದೆ ಕುಳಿತಳು. ತಲೆ ಬಾಚಿರಲಿಲ್ಲ. ತಿರುಗಿ ನನ್ನನ್ನು ಕೇಳಿದಳು.

"ಮೊನ್ನೆ ನಾನಿಲ್ದಾಗ ಕರೆಂಟ್ ಹೋಗಿತ್ತಾ?"

"ಇಲ್ಲ."

"ನೀನೇನಾದ್ರೂ ಮುಟ್ಟಿದ್ಯಾ ಇದನ್ನ?"

"ಕುಂಕುಮ ಇಟ್ಟೆ, ಅಷ್ಟೇ."

ಅವಳು ಹೂಂ ಅಂದು ಪರದೆಯ ಕಡೆ ತಿರುಗಿದಳು. ಮತ್ತೆ ಕೇಳಲಿಲ್ಲ. ನಾನು ಸುಳ್ಳು ಹೇಳಲು ಯೋಚನೆ ಮಾಡಿರಲಿಲ್ಲ, ಅದು ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ಚಿಕ್ಕವನಿದ್ದಾಗಿನಿಂದ ಮನೆಯಲ್ಲಿ ಏನು ಕೆಟ್ಟರೂ ಮೊದಲು ನನ್ನನ್ನೇ ಕೇಳುತ್ತಿದ್ದರು. ಮೊದಲು ಇಲ್ಲ ಅಂದು ಆಮೇಲೆ ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿಹೋಗಿತ್ತು. ಅದೂ ಅಲ್ಲದೆ ಸೈಟು ತೆರೆದುಕೊಂಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಇದಕ್ಕೂ ಅದಕ್ಕೂ ಸಂಬಂಧವಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

"ನೀನು ಕುವೆಂಪುನಗರದ ಮೂಲೆಗೆ ಓಡು," ಎಂದಳು ಅಕ್ಕ. "ಯಾರಾದ್ರೂ ಇನ್ನೂ ನಿಂತಿದ್ರೆ ಕರ್ಕೊಂಡ್ಹೋಗಿ ಬಿಟ್ಬಾ."

ನಾನು ಹೋದಾಗ ಉಳಿದವರೆಲ್ಲ ಆಟೋ, ಬಸ್ಸು ಹಿಡಿದು ಹೋಗಿದ್ದರು. ಒಬ್ಬರೇ ನಿಂತಿದ್ದರು. ನನ್ನ ಅಕ್ಕನ ವಯಸ್ಸಿರಬಹುದು. ಕೈಯಲ್ಲಿ ಊಟದ ಬುತ್ತಿಯ ಚೀಲ, ಇನ್ನೊಂದು ಕೈಯಲ್ಲಿ ಫೋನು. ನಾನು ವ್ಯಾನಿನ ಕಡೆಯವನು ಅಂದೊಡನೆ ಫೋನನ್ನು ನನ್ನ ಮುಖಕ್ಕೇ ಹಿಡಿದರು.

"ನೋಡಣ್ಣಾ, ಖಾತ್ರಿ ಅಂತ ಬಂದದೆ. ಅವ್ರೆಲ್ಲ ಬಾ ಬಾ ಅಂದ್ರು. ನಾನು ಬರ್ತದೆ ಕಣ್ರೀ, ಖಾತ್ರಿ ಅಂದ್ಮೇಲೆ ಬರ್ದೆ ಇರ್ತದಾ ಅಂತ ನಿಂತ್ಬುಟ್ಟೆ."

ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ರಿಂಗ್ ರೋಡಿನಲ್ಲಿ ಆದಷ್ಟು ಜೋರಾಗಿ ಓಡಿಸಿದೆ. ಅವರು ಗಾಳಿಯಲ್ಲಿ ಕೂಗಿ ಮಾತಾಡುತ್ತಿದ್ದರು. ಕಾಂಟ್ರಾಕ್ಟಿನ ಕೆಲಸವಂತೆ. ಮಗಳಿಗೆ ಜ್ವರ ಬಂದು ಹೋದ ತಿಂಗಳು ತಡವಾಗಿ ಹೋಗಿದ್ದರಂತೆ. "ಇನ್ನೊಂದ್ಸಲ ಲೇಟಾದ್ರೆ ಬರ್ಲೇಬೇಡ ಅಂದವ್ರೆ ಅಣ್ಣಾ. ಅದಕ್ಕೇ ಬಸ್ಸು ಬೇಡ ಅಂತ ಈ ವ್ಯಾನ್‌ಗೆ ಸೇರ್ಕೊಂಡೆ. ಎಂಗೋ, ನೀವು ಬಂದ್ರಲ್ಲ."

ಗೇಟು ಮುಚ್ಚಿತ್ತು. ಕಾವಲಿನವರು ಒಳಗಿನಿಂದ ಆ ಹೆಂಗಸು ಕೆಲಸ ಮಾಡುವ ಲೈನಿನ ಸೂಪರ್‌ವೈಸರನ್ನು ಕರೆದರು. ಆತ ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಆ ಹೆಂಗಸಿನ ಫೋನು ನೋಡಿದರು. ನಮ್ಮೆದುರೇ ವ್ಯಾನಿನ ಮಾಲೀಕರಿಗೆ ಫೋನು ಮಾಡಿದರು. ಮಾಲೀಕರು ತಮಗೆ ಬುಕ್ಕಿಂಗೇ ಬರಲಿಲ್ಲ, ಗಾಡಿ ಸರಿಯಾಗೇ ಇದೆ ಅಂದರು.

"ನೋಡೀಮ್ಮ," ಎಂದರು ಸೂಪರ್‌ವೈಸರ್. "ನೀವು ಮಾಡಿದೆ ಅಂತೀರ, ಅವರು ಬರ್ಲಿಲ್ಲ ಅಂತಾರೆ. ನಾನು ಮೇಲಿನವರಿಗೆ ಏನು ಹೇಳ್ಲಿ? ಗಾಡಿ ಬರ್ಲಿಲ್ಲ ಅನ್ನೋ ಕಥೇನ ದಿನಾ ಒಬ್ಬರು ಹೇಳ್ತಾರೆ. ಯಾರಾದ್ರೂ ಒಬ್ಬರು ತಪ್ಪು ನಮ್ಮದು ಅಂತ ಒಪ್ಕೊಳ್ಲಿ, ಒಳಗೆ ಬಿಟ್ಕೋತೀನಿ." ಆಮೇಲೆ ನನ್ನ ಕಡೆ ನೋಡಿ ಕೇಳಿದರು, "ನೀವ್ಯಾರು? ಗಾಡಿಯೋರಾ?"

"ಅಲ್ಲ ಸಾರ್. ಸುಮ್ನೆ ಬಿಟ್ಟು ಹೋಗೋಕೆ ಬಂದೆ."

ಆ ಹೆಂಗಸು ನನ್ನ ಮುಖ ನೋಡಿದರು. ಬೀದಿಯ ಮೂಲೆಯಲ್ಲಿ ನಾನು ಹೇಳಿದ್ದು ಅವರಿಗೆ ನೆನಪಿತ್ತು.

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ ಕೊಟ್ಟೆ. ಅಕ್ಕ ಸೂಪರ್‌ವೈಸರಿಗೆ ಹೇಳಿದ್ದು ನನಗೂ ಕೇಳಿಸಿತು. "ಸಾರ್, ಸ್ವಲ್ಪ ಟೈಮ್ ಕೊಡಿ. ನನ್ನ ಸೈಟಿಂದೋ, ಮೆಸೇಜ್ ಕಳಿಸೋ ಕಂಪನಿದೋ, ಡ್ರೈವರ್ ಫೋನಿಂದೋ ನೋಡ್ತಿದ್ದೀನಿ. ನನ್ನದಾದ್ರೆ ನಾನೇ ಬಂದು ಹೇಳ್ತೀನಿ. ನೋಡದೆ ಹೇಗೆ ಹೇಳ್ಲಿ?" ಅವಳು ಹೇಳಿದ್ದು ಸರಿಯೇ. ಸುಮ್ಮನೆ ಒಪ್ಪಿಕೊಂಡರೆ ಮಾಲೀಕರು ಅವತ್ತಿನ ನಷ್ಟವನ್ನೆಲ್ಲ ಅವಳ ತಲೆಗೆ ಕಟ್ಟುತ್ತಿದ್ದರು.

"ಟೀ ಬೆಲ್‌ವರೆಗೂ ಕಾಯ್ತೀನಿ," ಎಂದರು ಸೂಪರ್‌ವೈಸರ್. "ಆಮೇಲೆ ಆ ಜಾಗಕ್ಕೆ ಬೇರೆಯವರನ್ನ ಕೂರಿಸ್ಲೇಬೇಕು. ಲೈನ್ ನಿಲ್ಲಿಸೋಕಾಗಲ್ಲ."

ಆ ಹೆಂಗಸು ಗೇಟಿನ ಪಕ್ಕದ ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತು, "ನಿಮ್ಮಕ್ಕ ಕಂಡಿಡೀತಾರೆ ಬುಡಣ್ಣ" ಅಂದರು. ನನಗೇ ಧೈರ್ಯ ಹೇಳಿದರು.

ಮನೆಗೆ ಬಂದರೆ ಅಕ್ಕ ಮೆಸೇಜು ಕಳಿಸುವ ಕಂಪನಿಯವರ ಜೊತೆ ಫೋನಿನಲ್ಲಿ ಜಗಳ ಮಾಡುತ್ತಿದ್ದಳು. ಅವರು ತಮ್ಮಲ್ಲಿಗೆ ನಿಮ್ಮಿಂದ ಏನೂ ಬಂದೇ ಇಲ್ಲ ಅನ್ನುತ್ತಿದ್ದರಂತೆ. ಇವಳು, ಕಳಿಸದೆ ಹೇಗಿರುತ್ತೆ ಅನ್ನುತ್ತಿದ್ದಳು. ಫೋನಿಟ್ಟು ಪರದೆಯ ಮೇಲೆ ಏನೋ ಹೊಡೆದು ನನಗೆ ತೋರಿಸಿದಳು. ತೋರಿಸಲು ಆ ಮನೆಯಲ್ಲಿ ಬೇರೆ ಯಾರಿದ್ದಾರೆ?

"ನೋಡೋ ಇಲ್ಲಿ. ಮೆಸೇಜ್ ಕಳಿಸೋ ಕೀ. ಇಲ್ಲೇ ಇದೆ. ಸರಿಯಾಗೇ ಇದೆ. ಮತ್ಯಾಕೆ ಕಳಿಸ್ತಿಲ್ಲ?"

"ಕೀ ಅಂದ್ರೆ?"

ಅಕ್ಕನಿಗೆ ಒಂದು ಗುಣವಿದೆ. ಎಷ್ಟೇ ಅವಸರವಿದ್ದರೂ ನಾನು ಕೇಳಿದರೆ ಬಿಡಿಸಿ ಹೇಳುತ್ತಾಳೆ. ಹೇಳುತ್ತಾ ಹೇಳುತ್ತಾ ಅವಳಿಗೇ ದಾರಿ ಸಿಗುತ್ತದಂತೆ. ಅವತ್ತು ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಬರೆಯುತ್ತೇನೆ. ಸೈಟಿನ ಪ್ರೋಗ್ರಾಮು ಒಬ್ಬ ಕೆಲಸಗಾರ ಇದ್ದ ಹಾಗೆ. ಕೆಲಸ ಹೇಗೆ ಮಾಡಬೇಕೆನ್ನುವುದು ಅವನಿಗೆ ಗೊತ್ತು. ಆದರೆ ಯಾವ ಬೀಗಕ್ಕೆ ಯಾವ ಕೀಲಿ, ಯಾವ ಕಂಪನಿಗೆ ಯಾವ ಗುಟ್ಟಿನ ಪದ, ಇವನ್ನು ಅವನ ಒಳಗೆ ಬರೆದಿಡುವುದಿಲ್ಲ. ಅವನನ್ನು ಕೆಲಸಕ್ಕೆ ಎಬ್ಬಿಸುವವರು ಎಬ್ಬಿಸುವಾಗಲೇ ಕಿವಿಯಲ್ಲಿ ಹೇಳಬೇಕು. ಆ ಹೇಳುವ ಮಾತುಗಳಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುತ್ತಾರೆ. ಶಿಫ್ಟು ಬದಲಾಗುವಾಗ ಹೋಗುವವನು ಬರುವವನಿಗೆ ಹೇಳಿ ಹೋಗುವ ಮಾತಿದ್ದ ಹಾಗೆ ಅಂದಳು.

"ಯಾರು ಎಬ್ಬಿಸಿದ್ದು ಇದನ್ನ ಅಕ್ಕ?"

"ನಾನೇ. ಸೈಟ್ ಶುರು ಮಾಡಿದ ದಿನ ನನ್ನ ಲಾಗಿನ್ನಿಂದ ಕೈಯಾರೆ ಎಬ್ಬಿಸ್ದೆ. ಮಾತೆಲ್ಲ ನನ್ನ ಲಾಗಿನ್‌ನಲ್ಲಿದೆ, ಅದಕ್ಕೆ ಸಿಕ್ತು. ಅವತ್ತಿಂದ ನಿಂತೇ ಇಲ್ಲ."

ಆಗ ನಾನು ಕೇಳಿದೆ.

"ಆಫ್ ಆಗಿ ಆನ್ ಆದ್ರೆ?"

"ಆಗ ಮಿಷನ್ ತಾನೇ ಎಬ್ಬಿಸುತ್ತೆ, ಹಾಗೆ ಇಟ್ಟಿದ್ದೀನಿ. ಕರೆಂಟ್ ಹೋಗಿ ಬಂದ್ರೆ ಇರ್ಲಿ ಅಂತ. ಸೈಟು ತೆರೆಯುತ್ತೆ. ಆದ್ರೆ ಮಿಷನ್ ಎಬ್ಬಿಸಿದ್ರೆ ನನ್ನ ಲಾಗಿನ್‌ನಲ್ಲಿರೋದು ಅದಕ್ಕೆ ಕಾಣಲ್ಲ. ಕೀ ಇಲ್ದೆ..." ಅವಳು ಅಲ್ಲಿಗೆ ನಿಲ್ಲಿಸಿ ತಲೆ ಕೊಡವಿದಳು. "ಅದಲ್ಲ ಬಿಡು. ಆಫ್ ಆಗಿಲ್ವಲ್ಲ. ಆಗಿದ್ರೆ ಮೊದಲು ಅದನ್ನೇ ನೋಡ್ತಿದ್ದೆ."

ಇಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಈಗ ಗೊತ್ತಾಗಿತ್ತು. ಹೊಂಗೆ ಮರದ ಕೆಳಗೆ ಕೂತವರು ಕಣ್ಣ ಮುಂದೆ ಬಂದರು. ಬಾಯಿ ತೆರೆದೆ. ಬಂದ ಮಾತು, "ಟೀ ಮಾಡ್ಲಾ ಅಕ್ಕ?"

"ಮಾಡು."

ಅಡುಗೆಮನೆಗೆ ಹೋಗಿ ಹಾಲಿಟ್ಟೆ. ಎಷ್ಟು ಹೊತ್ತು ನಿಂತಿದ್ದೆನೋ. ಹೀಗೆ ಹೇಳಬೇಕು, ಹಾಗೆ ಹೇಳಬೇಕು, ಅಪ್ಪನ ವಿಷಯ ತೆಗೆದು ಶುರು ಮಾಡಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅದನ್ನು ಒರೆಸಿದೆ. ಮತ್ತೆ ಹಾಲಿಟ್ಟೆ. ಆ ಕೋಣೆಯಿಂದ ಅಕ್ಕ ಇನ್ನೊಮ್ಮೆ ಮೆಸೇಜು ಕಂಪನಿಯವರ ಜೊತೆ ಮಾತಾಡುವುದು ಕೇಳಿಸಿತು. ಆಮೇಲೆ ಡ್ರೈವರಿಗೆ ಫೋನು ಆಫ್ ಮಾಡಿ ಆನ್ ಮಾಡಲು ಹೇಳುವುದು ಕೇಳಿಸಿತು. ಅವಳು ಒಂದೊಂದೇ ಬಾಗಿಲು ತಟ್ಟುತ್ತಿದ್ದಳು. ಬಾಗಿಲಿಲ್ಲದ ಕಡೆ ಎಲ್ಲ ತಟ್ಟುತ್ತಿದ್ದಳು. ಸರಿಯಾದ ಬಾಗಿಲನ್ನು ನಾನು ಬೆನ್ನಿನಿಂದ ಮುಚ್ಚಿಕೊಂಡು ನಿಂತಿದ್ದೆ.

ಟೀ ತಂದಾಗ ಅವಳು ಕುರ್ಚಿಗೆ ಒರಗಿ ಪರದೆಯನ್ನೇ ನೋಡುತ್ತಿದ್ದಳು.

"ನೀನು ಕೇಳಿದ್ದೇ ತಲೇಲಿ ಕೂತ್ಬಿಟ್ಟಿದೆ ಕಣೋ," ಎಂದಳು. "ಇಷ್ಟೊತ್ತು ನಾನು ಕೀ ಇದ್ಯಾ ಅಂತ ನನ್ನ ಲಾಗಿನ್ನ ಕೇಳ್ತಿದ್ದೆ. ಅದರ ಹತ್ರ ಇರೋದು ಬಿಡೋದು ಹಾಗಿರ್ಲಿ. ಓಡ್ತಿರೋ ಪ್ರೋಗ್ರಾಮ್ ಹತ್ರ ಏನಿದೆ ಅಂತ ಅದನ್ನೇ ಕೇಳ್ಬೇಕು."

ಏನೋ ಹೊಡೆದಳು. ಪರದೆಯ ಮೇಲೆ ನಾಲ್ಕೈದು ಸಾಲು ಬಂದವು. ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಕೀ ಅದರಲ್ಲಿರಲಿಲ್ಲ. ಅವಳು ಹೇಳಿಕೊಟ್ಟಿದ್ದ ಒಂದು ಮಾತೂ ಇರಲಿಲ್ಲ. ಇನ್ನೊಂದು ಸಾಲು ಹೊಡೆದಳು. ಆ ಪ್ರೋಗ್ರಾಮನ್ನು ಎಬ್ಬಿಸಿದವರು ಯಾರು ಎಂದು ಕೇಳಿದಳಂತೆ. ಅಕ್ಕನಲ್ಲ, ಮಿಷನ್ ತಾನೇ ಎಬ್ಬಿಸಿತ್ತು. ಕೊನೆಗೆ ಒಂದೇ ಒಂದು ಪದ ಹೊಡೆದಳು. ಆ ಮಿಷನ್ ಯಾವಾಗಿನಿಂದ ಎದ್ದಿದೆ ಎಂದು ಅದೇ ಹೇಳಿತು.

"ಮೊನ್ನೆ ಮಧ್ಯಾಹ್ನ," ಎಂದಳು ಅಕ್ಕ.

ಪರದೆಯಿಂದ ಕಣ್ಣು ತೆಗೆದು ಕೆಳಗೆ ಮಣೆಯ ಮೇಲಿದ್ದ ಸಿಪಿಯು ನೋಡಿದಳು. ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಸೇವಂತಿಗೆ ಆ ಬಿಸಿ ಗಾಳಿಗೆ ಕಂದಿಹೋಗಿತ್ತು. ಪಕ್ಕದ ತಗಡಿನ ಮೇಲೆ ಧೂಳಿನ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ಅವಳು ಈಗ ನೋಡಿದಳು.

ನಾನು ಲೋಟ ಹಿಡಿದು ನಿಂತೇ ಇದ್ದೆ. ಅದಕ್ಕೆ ನೆನಪಿತ್ತು! ಅಷ್ಟು ದಿನ ಅದನ್ನು ಒಂದು ಡಬ್ಬ ಎಂದುಕೊಂಡಿದ್ದೆ. ಮನೆಯಲ್ಲಿ ಯಾರೂ ಇಲ್ಲವೆಂದು ನಾನು ಗುಂಡಿ ಒತ್ತಿದಾಗ ಅದು ಇತ್ತು.

ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಇದನ್ನ ಕೇಳೋಕೆ ಒಂದು ನಿಮಿಷ ಸಾಕಿತ್ತು," ಎಂದಳು. "ನೀನು ಇಲ್ಲ ಅಂದ್ಯಲ್ಲ. ಅದಕ್ಕೇ ಕೇಳ್ಲಿಲ್ಲ."

ಅಷ್ಟು ಹೇಳಿ ಕೆಲಸಕ್ಕೆ ತೊಡಗಿದಳು. ಮಿಷನ್ ತಾನೇ ಎಬ್ಬಿಸುವಾಗ ಓದಿಕೊಳ್ಳುವ ಫೈಲಿನಲ್ಲಿ ಆ ಕೀಯನ್ನು, ಉಳಿದ ಮಾತುಗಳನ್ನು ಬರೆದಳು. ನಾಲ್ಕು ಸಾಲು ಇರಬಹುದು. ಆಮೇಲೆ ತನ್ನದೇ ಪ್ರೋಗ್ರಾಮಿನ ಒಂದು ಕಡೆ ಬೆರಳಿಟ್ಟು ಹಲ್ಲು ಕಚ್ಚಿದಳು. ಅದನ್ನು ಪರೀಕ್ಷೆ ಮಾಡುವ ದಿನಗಳಲ್ಲಿ, ಕೀ ಇಲ್ಲದಿದ್ದರೆ ಮೆಸೇಜು ಕಳಿಸದೆ ಸುಮ್ಮನೆ ಮುಂದೆ ಹೋಗು ಎಂದು ಅವಳೇ ಬರೆದಿದ್ದಳಂತೆ. ತೆಗೆಯಲು ಮರೆತಿದ್ದಳು. "ಕೀ ಇಲ್ಲ ಅಂದ್ರೆ ಕಿರುಚ್ಬೇಕಿತ್ತು ಇದು. ಏನೂ ಆಗಿಲ್ಲ ಅನ್ನೋ ಹಾಗೆ ಸುಮ್ನಿತ್ತು." ಅದನ್ನು ಅವಳು ನನಗೆ ಹೇಳಲಿಲ್ಲ. ತನಗೆ ತಾನೇ ಬಯ್ದುಕೊಂಡಿದ್ದು.

"ಈಗ ಆಫ್ ಮಾಡು," ಎಂದಳು.

"ಏನು?"

"ಗುಂಡಿ ಒತ್ತು. ಮೊನ್ನೆ ಒತ್ತಿದ ಹಾಗೇ. ತಾನೇ ಎದ್ದಾಗ ಸರಿ ಇರುತ್ತಾ ನೋಡ್ಬೇಕು."

ಬಗ್ಗಿ ಒತ್ತಿದೆ. ಉಸಿರು ಬಿಟ್ಟು ನಿಂತಿತು. ಮತ್ತೆ ಒತ್ತಿದೆ. ಹಸಿರು ದೀಪ ಬಂತು. ಅಕ್ಕ ತನ್ನ ಫೋನಿನಲ್ಲಿ ಒಂದು ಸೀಟು ಬುಕ್ ಮಾಡಿದಳು. ಆ ಕ್ಷಣವೇ ಡ್ರೈವರ್ ಫೋನು ಮಾಡಿ, "ಬಂತು ಮೇಡಂ, ಬಂತು!" ಅಂದ. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಇಷ್ಟೇನಾ? ಅಷ್ಟು ಜನ ಕತ್ತಲಲ್ಲಿ ನಿಂತಿದ್ದು, ಅಕ್ಕ ಬೆಳಿಗ್ಗೆಯಿಂದ ಹಲ್ಲುಜ್ಜದೆ ಕೂತಿದ್ದು, ಎಲ್ಲ ಈ ನಾಲ್ಕು ಸಾಲಿಗಾ?

ಸೂಪರ್‌ವೈಸರ್ ಲೈನಿನಲ್ಲಿದ್ದರೇನೋ, ಫೋನು ಎತ್ತಲಿಲ್ಲ. ಅಕ್ಕನನ್ನು ಕೂರಿಸಿಕೊಂಡು ಹೆಬ್ಬಾಳಕ್ಕೆ ಹೋದೆ. ಗೇಟು ತಲುಪುವಾಗ ಹೊರಗಿನ ಟೀ ಅಂಗಡಿಯ ಮುಂದೆ ಕೆಲಸಗಾರರು ಖಾಲಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದರು. ಟೀ ಬೆಲ್ ಹೊಡೆದು, ಟೀ ಮುಗಿದೂ ಆಗಿತ್ತು.

ಆ ಹೆಂಗಸು ಅದೇ ಕಲ್ಲಿನ ಮೇಲೆ ಇದ್ದರು. ಬುತ್ತಿಯ ಚೀಲ ಮಡಿಲಲ್ಲಿತ್ತು. ನಮ್ಮನ್ನು ಕಂಡು ಎದ್ದು ನಿಂತರು.

ಸೂಪರ್‌ವೈಸರ್ ಬಂದರು. ಅಕ್ಕ ನಮಸ್ಕಾರ ಮಾಡಿ, "ತಪ್ಪು ನಮ್ಮದೇ ಸಾರ್, ಗೊತ್ತಾಯ್ತು. ಇವರದೇನೂ ಇಲ್ಲ. ಒಳಗೆ ಬಿಟ್ಕೊಳ್ಳಿ," ಎಂದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೆಲ್ ಆದ್ಮೇಲೂ ಕಾದೆ ಕಣ್ರೀ. ಮೇಲಿಂದ ಬಂದು ನಿಂತ್ಬುಟ್ರು. ಆ ಜಾಗಕ್ಕೆ ಬೇರೆ ಹುಡುಗೀನ ಕೂರಿಸಿ ಆಯ್ತು. ಕಾಂಟ್ರಾಕ್ಟ್‌ನೋರು ಇನ್ನು ಬರೋದು ಬೇಡ ಅಂತ ಇವರ ಗೇಟ್ ಕಾರ್ಡನ್ನೂ ವಾಪಸ್ ತಗೊಂಡ್ರು. ಬೆಳಿಗ್ಗೆ ಇವರಿದ್ರಲ್ಲ," ಎಂದು ನನ್ನ ಕಡೆ ಕೈ ತೋರಿಸಿದರು, "ಗಾಡಿಯೋರಾ ಅಂತ ಕೇಳ್ದೆ. ಅಲ್ಲ, ಸುಮ್ನೆ ಬಿಟ್ಟು ಹೋಗೋಕೆ ಬಂದೆ ಅಂದ್ರು. ಅವಾಗ್ಲೇ ಒಂದು ಮಾತು ಹೇಳಿದ್ರೆ ಮುಗಿದೋಗ್ತಿತ್ತು."

ಅಕ್ಕ ನನ್ನ ಕಡೆ ತಿರುಗಿದಳು. ಮನೆಯಲ್ಲಿ ಹೇಳಿದ ಸುಳ್ಳು ಅವಳಿಗೆ ಗೊತ್ತಾಗಿತ್ತು. ಇದು ಗೊತ್ತಿರಲಿಲ್ಲ. ನನ್ನ ಮುಖವನ್ನು ಮೊದಲ ಸಲ ಕಾಣುತ್ತಿರುವ ಹಾಗೆ ನೋಡಿದಳು.

ಆಗ ಹೇಳಿದೆ. ಆ ಹೆಂಗಸಿಗೇ ಹೇಳಿದೆ. "ಸೈಟು ಓಡೋ ಕಂಪ್ಯೂಟರ್‌ನ ನಾನೇ ಆಫ್ ಮಾಡಿದ್ದು. ಹಬ್ಬದ ದಿನ, ಪೂಜೆಗೆ ಅಂತ. ಅದರಿಂದಾನೇ ಆಗಿದ್ದು. ಆಫ್ ಮಾಡಿದ್ದು ಬೆಳಿಗ್ಗೆನೂ ನಂಗೆ ಗೊತ್ತಿತ್ತು, ಹೇಳ್ಲಿಲ್ಲ."

ಅವರು ಕೂಗಾಡಲಿಲ್ಲ. ಬೆರಗಿನಿಂದ ಎನ್ನುವ ಹಾಗೆ ಕೇಳಿದರು.

"ಅಷ್ಟು ದೂರ ನಿಮ್ಮ ಗಾಡೀಲಿ ನಿಮ್ಮ ಬೆನ್ನ ಹಿಂದೇನೇ ಕುಂತಿದ್ನಲ್ಲಣ್ಣಾ. ಅವಾಗ್ಲೂ ಗೊತ್ತಿತ್ತಾ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ನಾನು ಬಿಟ್ಟು ಬರ್ತೀನಿ ಅಂದೆ. ಬೇಡ ಎನ್ನಲೂ ಅವರು ತಿರುಗಲಿಲ್ಲ. ಅಕ್ಕ ಸ್ವಲ್ಪ ದೂರ ಅವರ ಜೊತೆ ಹೋಗಿ ಏನೋ ಹೇಳಿ, ಒಬ್ಬಳೇ ವಾಪಸು ಬಂದಳು.

ಆ ಮೇಲಿನ ವಾರಗಳಲ್ಲಿ ಅಕ್ಕ ತನಗೆ ಗೊತ್ತಿದ್ದ ಎರಡು ಮೂರು ಕಡೆ ಅವರಿಗಾಗಿ ಕೇಳಿದಳು. ಅವರ ನಂಬರಿಗೆ ಫೋನು ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಬುಕ್ಕಿಂಗಿನಲ್ಲಿ ಆ ಹೆಸರು ಮತ್ತೆ ಬರಲಿಲ್ಲ. ಕುವೆಂಪುನಗರದ ಆ ಮೂಲೆ ನಾನು ಗ್ಯಾರೇಜಿಗೆ ಹೋಗುವ ದಾರಿಯಲ್ಲೇ ಇದೆ.

ವ್ಯಾನಿನ ಸೈಟು ಈಗಲೂ ಅದೇ ಮಣೆಯ ಮೇಲೆ ಓಡುತ್ತಿದೆ. ಕೀ ಸಿಗದಿದ್ದರೆ ಈಗ ಅದು ಏಳುವುದೇ ಇಲ್ಲ, ಅಕ್ಕನ ಫೋನಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ಮುಂದಿನ ಆಯುಧಪೂಜೆಗೆ ಅಕ್ಕನೇ ಆಫ್ ಮಾಡು ಅಂದಳು. ಅವಳು ನೋಡುತ್ತಿರುವಾಗ ನಾನು ಗುಂಡಿ ಒತ್ತಿದೆ, ಒರೆಸಿದೆ, ವಿಭೂತಿ ಎಳೆದೆ. ಅವಳು ಕೈ ಮುಗಿದಳು. ನಮ್ಮ ನಡುವೆ ಜಗಳವೇನೂ ಇಲ್ಲ. ಊಟ, ತಿಂಡಿ, ಮಾತು, ನಗು ಎಲ್ಲ ಮೊದಲಿನ ಹಾಗೇ ಇವೆ.

ಒಂದು ಮಾತ್ರ ಬೇರೆ. ನಿನ್ನೆ ಹೊರಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಗ್ಯಾಸ್ ಆಫ್ ಮಾಡಿದ್ಯಾ?"

"ಮಾಡ್ದೆ ಅಕ್ಕ."

"ಹೂಂ," ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡಿ ಬಂದಳು.